ಆನೆಯ ಮಾತಿಗೆ ಮನುಷ್ಯನ ಕಿವಿ

ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ರಾಗಿ ತೆನೆ ಬಲಿಯುವ ಕಾಲವೆಂದರೆ ರಾತ್ರಿಯೆಲ್ಲ ನಿದ್ದೆಗೆಟ್ಟು ಕಾವಲು ಕಾಯುವ ಕಾಲ. ಕತ್ತಲಲ್ಲಿ ಕೊಂಬೆ ಮುರಿದ ಸದ್ದಾದರೆ ಅಟ್ಟಣೆಯ ಮೇಲಿನ ರೈತ ಕೂಗು ಹಾಕುತ್ತಾನೆ, ತಮಟೆ ಬಡಿಯುತ್ತಾನೆ, ಪಟಾಕಿ ಸಿಡಿಸುತ್ತಾನೆ. ಇದೂ ಒಂದು ಬಗೆಯ ಮಾತೇ. ‘ಹೋಗು’ ಎಂಬ ಒಂದೇ ಪದದ ಮಾತು. ಆನೆ ಮೊದಮೊದಲು ಬೆದರುತ್ತದೆ. ಸದ್ದಿನ ಹಿಂದೆ ಅಪಾಯವಿಲ್ಲವೆಂದು ಅರಿತ ಮೇಲೆ ಅದನ್ನು ಲೆಕ್ಕಿಸುವುದಿಲ್ಲ.

1974ರಲ್ಲಿ ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದಿಂದ ವಿಜ್ಞಾನಿಗಳು ಸುಮಾರು 25,000 ಜ್ಯೋತಿರ್ವರ್ಷ ದೂರದ ನಕ್ಷತ್ರಗುಚ್ಛವೊಂದಕ್ಕೆ ಸಂದೇಶ ಕಳುಹಿಸಿದರು. ಅಲ್ಲಿ ಯಾರಾದರೂ ಇದ್ದು ಉತ್ತರಿಸಿದರೂ ಅದು ಭೂಮಿಗೆ ತಲುಪಲು ಒಟ್ಟು 50,000 ವರ್ಷ ಬೇಕು. ಬುದ್ಧಿಯುಳ್ಳ ಇನ್ನೊಂದು ಜೀವಿ ಪಕ್ಕದ ಹೊಲದ ಬೇಲಿಯಲ್ಲೇ ನಿಂತಿರುವಾಗ ಅದರೊಡನೆ ಸಂವಾದ ಏಕೆ ಬೆಳೆಯಲಿಲ್ಲ? ಈ ಪ್ರಶ್ನೆಗೆ ಚಾಮರಾಜನಗರದ ಚರಿತ್ರೆಯಲ್ಲೇ ಸ್ವಲ್ಪ ಉತ್ತರವಿದೆ.

ಅರೆಸಿಬೊ ಸಂದೇಶಕ್ಕೆ ಸರಿಯಾಗಿ ನೂರು ವರ್ಷ ಮೊದಲು, 1874ರಲ್ಲಿ, ಚಾಮರಾಜನಗರ ಸೀಮೆಯ ಕಾಡಿನಲ್ಲಿ ಜಿ.ಪಿ. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ ಖೆಡ್ಡಾ ನಡೆಸಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಸೆರೆಹಿಡಿದ. ಹಿಂಡನ್ನು ಜನ ಸುತ್ತುವರಿದು, ಸದ್ದು ಬೆಂಕಿಗಳಿಂದ ಬೆದರಿಸಿ ಆವರಣದೊಳಕ್ಕೆ ಅಟ್ಟುವುದು, ಪಳಗಿದ ಆನೆಗಳ ನೆರವಿನಿಂದ ಹಗ್ಗ ಬಿಗಿಯುವುದು ಖೆಡ್ಡಾದ ಕ್ರಮ. ಈ ಸ್ಯಾಂಡರ್ಸನ್ ಬರೀ ಬೇಟೆಗಾರನಲ್ಲ. 1878ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಆತ ಆನೆಗಳು ಹೊರಡಿಸುವ ಬಗೆಬಗೆಯ ಸದ್ದುಗಳನ್ನೂ ಅವುಗಳ ಹಿಂದಿನ ಭಾವಗಳನ್ನೂ ಗುರುತಿಸಿದ್ದಾನೆ. ಆದರೆ ಆ ತಿಳಿವಳಿಕೆಯೆಲ್ಲ ಬಳಕೆಯಾದದ್ದು ಆನೆಯನ್ನು ಹಿಡಿಯುವುದಕ್ಕೆ.

ಸೆರೆಯಾದ ಆನೆ ಮಾವುತನ ಮಾತು ಕಲಿಯುತ್ತದೆ. ನಡೆ, ನಿಲ್ಲು, ಕೂರು, ಕಾಲೆತ್ತು ಎಂಬಂಥ ಹತ್ತಾರು ಆಜ್ಞೆಗಳು ಅದಕ್ಕೆ ತಿಳಿಯುತ್ತವೆ. ಮೈಸೂರು ಸೀಮೆಯ ಜೇನುಕುರುಬ ಮಾವುತರು, ಕಾವಾಡಿಗಳು ತಮ್ಮ ಆನೆಯ ಕಿವಿ, ಸೊಂಡಿಲುಗಳ ಚಲನೆಯಿಂದಲೇ ಅದರ ಮನಸ್ಸನ್ನು ಓದಬಲ್ಲರು. ಆದರೂ ಮನುಷ್ಯನ ಭಾಷೆಯನ್ನು ಆನೆ ಕಲಿತಷ್ಟು ಆನೆಯ ಭಾಷೆಯನ್ನು ಮನುಷ್ಯ ಕಲಿಯಲಿಲ್ಲ.

ಕಲಿಯಲು ಕಿವಿಯೂ ಸಾಲದಾಗಿತ್ತು. 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತಿದ್ದ ಕೇಟಿ ಪೇನ್ ಎಂಬ ಸಂಶೋಧಕಿಗೆ ಗಾಳಿಯಲ್ಲಿ ಏನೋ ಮಿಡಿತದ ಅನುಭವವಾಯಿತು. ಸದ್ದು ಮಾತ್ರ ಇಲ್ಲ. ಧ್ವನಿಮುದ್ರಣವನ್ನು ವೇಗವಾಗಿ ನುಡಿಸಿದಾಗ ಗುಟ್ಟು ಬಯಲಾಯಿತು: ಸೆಕೆಂಡಿಗೆ 20 ಕಂಪನಗಳಿಗಿಂತ ಕೆಳಗಿನ, ಮನುಷ್ಯನ ಕಿವಿಗೆ ಎಟುಕದ ಧ್ವನಿಯಲ್ಲೂ ಆನೆಗಳು ಮಾತಾಡುತ್ತಿದ್ದವು. ಇಂಥ ಧ್ವನಿ ಕಾಡಿನಲ್ಲಿ ಕಿಲೋಮೀಟರುಗಟ್ಟಲೆ ಸಾಗಬಲ್ಲದು. ಕೀನ್ಯಾದ ಆಫ್ರಿಕನ್ ಆನೆಗಳು ಒಂದನ್ನೊಂದು ಹೆಸರಿನಂಥ ಕರೆಯಿಂದ ಕೂಗುತ್ತವೆ ಎಂದು 2024ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ತನ್ನ ‘ಹೆಸರು’ ಕೇಳಿದ ಆನೆ ಬೇರೆ ಕರೆಗಳಿಗಿಂತ ಅದಕ್ಕೆ ಹೆಚ್ಚಾಗಿ ಓಗೊಟ್ಟಿತು.

ಇದರಿಂದ ರಾಗಿ ಹೊಲದ ರೈತನಿಗೇನು ಲಾಭ? 1980ರ ದಶಕದ ಆರಂಭದಲ್ಲಿ ಚಾಮರಾಜನಗರ ಮತ್ತು ಸತ್ಯಮಂಗಲದ ಕಾಡುಗಳಲ್ಲಿ ಅಧ್ಯಯನ ಮಾಡಿದ ರಾಮನ್ ಸುಕುಮಾರ್ ಅವರು, ಬೆಳೆಗೆ ನುಗ್ಗುವುದರಲ್ಲಿ ವಯಸ್ಕ ಗಂಡಾನೆಗಳೇ ಮುಂದು ಎಂಬುದನ್ನೂ ಕಾಡಿನ ಹುಲ್ಲಿಗಿಂತ ಬೆಳೆಯಲ್ಲಿ ಪೌಷ್ಟಿಕಾಂಶ ಹೆಚ್ಚೆಂಬುದನ್ನೂ ತೋರಿಸಿಕೊಟ್ಟರು. ಆನೆ ಹೊಲಕ್ಕೆ ಬರುವುದು ಹಗೆತನದಿಂದಲ್ಲ, ಲೆಕ್ಕಾಚಾರದಿಂದ. ದಕ್ಷಿಣ ಭಾರತದಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಬೆಳೆಗೆ ಬಂದ ಆನೆಗಳಿಗೆ ಧ್ವನಿಮುದ್ರಿಸಿದ ಗರ್ಜನೆಗಳನ್ನು ಕೇಳಿಸಲಾಯಿತು. ಹುಲಿಯ ಗರ್ಜನೆಗೆ ಅವು ಸದ್ದಿಲ್ಲದೆ ಹಿಂದೆ ಸರಿದವು. ಚಿರತೆಯ ಗರ್ಜನೆಗೆ ತಾವೇ ಕೂಗಿ ಅಬ್ಬರಿಸಿದವು. ಅರ್ಥವಿರುವ ಸದ್ದಿಗೂ ಬರಿಯ ಗದ್ದಲಕ್ಕೂ ಇರುವ ವ್ಯತ್ಯಾಸ ಆನೆಗೆ ತಿಳಿದಿದೆ.

ಹಾಗೆಂದು ಅಪಾಯವೂ ಇಲ್ಲದಿಲ್ಲ. ಆನೆಯ ಕರೆಯನ್ನು ಅನುಕರಿಸಬಲ್ಲವನು ಅದನ್ನು ಮೋಸದಿಂದ ಕರೆಸಿಕೊಳ್ಳಲೂಬಲ್ಲ. ಸ್ಯಾಂಡರ್ಸನ್ನನ ಕಾಲದ ತಿಳಿವಳಿಕೆ ಖೆಡ್ಡಾದಲ್ಲಿ ಕೊನೆಗೊಂಡದ್ದನ್ನು ಮರೆಯುವಂತಿಲ್ಲ. ಸಂವಾದವೆಂದರೆ ಹೇಳುವುದಷ್ಟೇ ಅಲ್ಲ, ಎದುರಿನದು ‘ಒಲ್ಲೆ’ ಎಂದಾಗ ಅದನ್ನೂ ಕೇಳಿಸಿಕೊಳ್ಳುವುದು. ಬಂಡೀಪುರದ ಹೆದ್ದಾರಿಗಳಲ್ಲಿ 2009ರಲ್ಲಿ ಜಾರಿಗೆ ಬಂದ ರಾತ್ರಿ ಸಂಚಾರ ನಿರ್ಬಂಧವನ್ನು ಅಂಥದೊಂದು ಉತ್ತರವೆನ್ನಬಹುದು. ವನ್ಯಜೀವಿಗಳು ಅರ್ಜಿ ಬರೆಯಲಿಲ್ಲ. ವಾಹನಗಳಿಗೆ ಸಿಕ್ಕಿ ಸತ್ತ ಅವುಗಳ ದೇಹಗಳೇ ಅರ್ಜಿಯಾದವು.

2023ರ ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 6,400 ಕಾಡಾನೆಗಳಿದ್ದು, ಬಂಡೀಪುರವೊಂದರಲ್ಲೇ ಸಾವಿರಕ್ಕೂ ಹೆಚ್ಚಿದ್ದವು. ಈ ನೆರೆಯವರು ಬೇರೆಲ್ಲಿಗೂ ಹೋಗುವಂತಿಲ್ಲ. ರೈತನೂ ಹೊಲ ಬಿಟ್ಟು ಹೋಗುವಂತಿಲ್ಲ. ಕಂದಕ ತೋಡಿದರೆ ಮಣ್ಣು ತಳ್ಳಿ ಮುಚ್ಚುವ, ಸೌರಬೇಲಿ ಹಾಕಿದರೆ ವಿದ್ಯುತ್ ಹರಿಯದ ದಂತದಿಂದ ತಂತಿ ಕೀಳುವ ಬುದ್ಧಿ ಆನೆಗಿದೆ. ಅಂಥ ಬುದ್ಧಿಯೊಡನೆ ಬೇಲಿಯ ಭಾಷೆಯಲ್ಲಷ್ಟೇ ವ್ಯವಹರಿಸಿದರೆ ಎರಡೂ ಕಡೆ ಸಾವು ತಪ್ಪುವುದಿಲ್ಲ. ಅಟ್ಟಣೆಯ ಮೇಲಿನ ಕೂಗಿಗೆ ಇನ್ನೊಂದು ಪದ ಸೇರಬೇಕಾದರೆ, ಕತ್ತಲ ಆ ಕಡೆಯಿಂದ ಬರುವ ಮಾತಿಗೆ ಮೊದಲು ಕಿವಿಗೊಡಬೇಕು.