ಬಾಸೆಲ್‌ನಲ್ಲಿ ನೆಟ್‌ವರ್ಕ್ ಸಿಗದ ಒಂದು ಸಂಜೆ

ಫೆಲೋಶಿಪ್ ಮುಂದುವರಿಯಬೇಕಾದರೆ ಭಾನುವಾರ ರಾತ್ರಿ ಹನ್ನೆರಡರೊಳಗೆ ವರದಿ ಅಪ್‌ಲೋಡ್ ಮಾಡಬೇಕಿತ್ತು. ಅದು ನಮ್ಮ ದೇಶದ ಹನ್ನೆರಡು. ನಾನಿದ್ದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಂದರೆ ನನ್ನ ಗಡುವು ಸಂಜೆ ಏಳೂವರೆ. ಹನ್ನೊಂದು ಇಂಚಿನ ಪುಟ್ಟ ಲ್ಯಾಪ್‌ಟಾಪ್ ಇತ್ತು, ಅದರಲ್ಲಿ ವರದಿ ಸಿದ್ಧವಿತ್ತು, ಎರಡು ಸಿಮ್ ಹಾಕಿದ ಫೋನಿತ್ತು. ಇಂಟರ್‌ನೆಟ್ ಮಾತ್ರ ಇರಲಿಲ್ಲ.

ನಾನು ಅಲ್ಲಿಗೆ ಹೋಗಿದ್ದು ಬಾಸೆಲ್ ಮಿಷನ್ನಿನ ದಾಖಲೆಗಳನ್ನು ನೋಡಲು. 1815ರಲ್ಲಿ ಹುಟ್ಟಿದ ಈ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಮೂವರನ್ನು ಕಳಿಸಿತು. ಅವರ ನಂತರ ಬಂದ ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಕನ್ನಡ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಸಂಗತಿ. ಈ ಪಾದ್ರಿಗಳು ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಿಂದ ತಮ್ಮ ಕೇಂದ್ರ ಕಚೇರಿಗೆ ತಪ್ಪದೆ ವರದಿ ಬರೆಯಬೇಕಿತ್ತು. ಆ ಕಾಗದಗಳು ಇಂದಿಗೂ ಬಾಸೆಲ್‌ನಲ್ಲಿವೆ. ಹಾಯಿಹಡಗು ಆಫ್ರಿಕಾದ ತುದಿ ಸುತ್ತಿ ಹೋಗುತ್ತಿದ್ದ ಕಾಲದಲ್ಲಿ ಪತ್ರ ತಲುಪಲು ತಿಂಗಳುಗಳೇ ಬೇಕಿದ್ದವು. ಮಂಗಳೂರಿನಲ್ಲಿ ಕೂತವರು ಬಾಸೆಲ್‌ಗೆ ವರದಿ ಕಳಿಸಲು ಪಟ್ಟ ಪಾಡನ್ನು ವಾರವಿಡೀ ಓದಿದ್ದೆ. ಭಾನುವಾರ ಬಾಸೆಲ್‌ನಲ್ಲಿ ಕೂತು ಕರ್ನಾಟಕಕ್ಕೆ ವರದಿ ಕಳಿಸುವ ಪಾಡು ನನ್ನದಾಯಿತು.

ನಾನು ಉಳಿದಿದ್ದ ಮನೆಯ ವೈಫೈ ಶನಿವಾರವೇ ಕೆಟ್ಟಿತ್ತು. ಮನೆಯೊಡತಿ ಊರಲ್ಲಿರಲಿಲ್ಲ. ಭಾನುವಾರವಾದ್ದರಿಂದ ದಾಖಲೆಗಳ ಕಚೇರಿಯೂ ಇಲ್ಲ, ಅಂಗಡಿಗಳೂ ಇಲ್ಲ. ಭಾರತದ ಸಿಮ್‌ನಲ್ಲಿ ಸಣ್ಣದೊಂದು ರೋಮಿಂಗ್ ಪ್ಯಾಕ್ ಉಳಿದಿತ್ತು. ಫೋನಿನ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪ್ ಜೋಡಿಸಿದೆ. ಹತ್ತೇ ನಿಮಿಷಕ್ಕೆ ಪ್ಯಾಕ್ ಮುಗಿದ ಸಂದೇಶ ಬಂತು. ತಪ್ಪು ನನ್ನದೇ. ಹಾಟ್‌ಸ್ಪಾಟ್ ಲ್ಯಾಪ್‌ಟಾಪಿನ ಕಣ್ಣಿಗೆ ಮನೆಯ ವೈಫೈನಂತೆಯೇ ಕಾಣುತ್ತದೆ. ವಾರದಿಂದ ಬಾಕಿಯಿದ್ದ ಅಪ್‌ಡೇಟುಗಳನ್ನೆಲ್ಲ ಅದು ಸದ್ದಿಲ್ಲದೆ ಇಳಿಸಿಕೊಳ್ಳತೊಡಗಿತ್ತು. ಈ ಸಂಪರ್ಕಕ್ಕೆ ಮಿತಿ ಇದೆ ಎಂದು ಸೆಟ್ಟಿಂಗ್‌ನಲ್ಲಿ ಮೊದಲೇ ಗುರುತು ಹಾಕಬೇಕಿತ್ತು.

ಇನ್ನೊಂದು ಸಿಮ್ ಜರ್ಮನಿಯದು. ಫ್ರಾಂಕ್‌ಫರ್ಟ್‌ನಲ್ಲಿ ಇಳಿದಾಗ ಪಾಸ್‌ಪೋರ್ಟ್ ತೋರಿಸಿ ಕೊಂಡಿದ್ದೆ. ‘ಯುರೋಪಿನಾದ್ಯಂತ’ ನಡೆಯುತ್ತದೆ ಎಂದುಕೊಂಡಿದ್ದೆ. ಬಾಸೆಲ್‌ನಲ್ಲಿ ಅದು ಸತ್ತಂತೆ ಬಿದ್ದಿತ್ತು. ಏಕೆಂದು ತಿಳಿಯಲು ಸ್ವಲ್ಪ ಚರಿತ್ರೆ ಬೇಕು.

ದೇಶದಿಂದ ದೇಶಕ್ಕೆ ಸಂದೇಶ ಹೋದಾಗ ಹಣ ಹಂಚಿಕೊಳ್ಳುವವರು ಯಾರು? ಈ ಪ್ರಶ್ನೆ ತಂತಿಯ ಕಾಲದ್ದು. 1865ರಲ್ಲಿ 20 ದೇಶಗಳು ಪ್ಯಾರಿಸ್‌ನಲ್ಲಿ ಸೇರಿ, ಕಳಿಸುವ ದೇಶಕ್ಕೆ, ತಲುಪುವ ದೇಶಕ್ಕೆ, ನಡುವೆ ಹಾದುಹೋಗುವ ದೇಶಕ್ಕೆ ಎಷ್ಟೆಷ್ಟು ಎಂಬುದಕ್ಕೆ ನಿಯಮ ಮಾಡಿಕೊಂಡವು. ಆ ಒಕ್ಕೂಟದ ಕಚೇರಿ ತೆರೆದದ್ದು ಇದೇ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ. 1870ರಲ್ಲಿ ಸಮುದ್ರದಡಿಯ ತಂತಿ ಮುಂಬಯಿಗೆ ಬಂದಾಗ ತಿಂಗಳುಗಳ ದೂರ ಗಂಟೆಗಳಿಗೆ ಇಳಿಯಿತು. ದರ ಮಾತ್ರ ಪದಕ್ಕಿಷ್ಟು ಎಂದಿತ್ತು. ಹಾಗಾಗಿ ವ್ಯಾಪಾರಿಗಳು ಇಡೀ ವಾಕ್ಯಕ್ಕೆ ಒಂದೇ ಪದ ಬಳಸುವ ಸಂಕೇತ ಪುಸ್ತಕಗಳನ್ನು ಇಟ್ಟುಕೊಂಡರು.

ಮೊಬೈಲ್ ರೋಮಿಂಗ್ ಅದೇ ಲೆಕ್ಕದ ಮುಂದುವರಿಕೆ. 1987ರಲ್ಲಿ ಕೋಪನ್‌ಹೇಗನ್‌ನಲ್ಲಿ 13 ದೇಶಗಳ ಕಂಪನಿಗಳು ಜಿಎಸ್‌ಎಂ ಎಂಬ ಒಂದೇ ವ್ಯವಸ್ಥೆಗೆ ಒಪ್ಪಿ ಸಹಿ ಹಾಕಿದವು. 1992ರಲ್ಲಿ ಫಿನ್ಲೆಂಡ್ ಮತ್ತು ಬ್ರಿಟನ್ನಿನ ಎರಡು ಕಂಪನಿಗಳ ನಡುವೆ ಮೊದಲ ರೋಮಿಂಗ್ ಒಪ್ಪಂದವಾಯಿತು. ಪರದೇಶದ ಟವರ್ ನಮ್ಮ ಸಿಮ್ ಕಂಡೊಡನೆ ಊರಿನ ಕಂಪನಿಯನ್ನು ‘ಇವರು ನಿಮ್ಮವರೇ?’ ಎಂದು ಕೇಳುತ್ತದೆ. ಹೌದೆಂದರೆ ಸೇವೆ ಕೊಟ್ಟು, ಆಮೇಲೆ ಲೆಕ್ಕ ಕಳಿಸುತ್ತದೆ. ಈ ಲೆಕ್ಕ ಗಿರಾಕಿಯ ತಲೆಗೆ ಬೀಳುತ್ತಿದ್ದ ರೀತಿಗೆ ಯುರೋಪಿಯನ್ ಒಕ್ಕೂಟ 2007ರಿಂದ ಕಡಿವಾಣ ಹಾಕುತ್ತ ಬಂತು. 2012ರಲ್ಲಿ ಒಂದು ಎಂಬಿಗೆ 70 ಸೆಂಟ್, 2014ರಲ್ಲಿ 20 ಸೆಂಟ್ ಗರಿಷ್ಠ ದರವಾಯಿತು. 2017ರ ಜೂನ್ 15ರಿಂದ ಹೆಚ್ಚುವರಿ ಶುಲ್ಕವೇ ಹೋಯಿತು.

ಸ್ವಿಟ್ಜರ್ಲೆಂಡ್ ಇದರ ಹೊರಗಿದೆ. 1992ರ ಡಿಸೆಂಬರ್ 6ರಂದು, ಯುರೋಪಿಯನ್ ಆರ್ಥಿಕ ವಲಯ ಸೇರಬೇಕೇ ಎಂದು ಅಲ್ಲಿ ಜನಮತ ನಡೆಯಿತು. ಶೇ 50.3 ಮಂದಿ ಬೇಡವೆಂದರು. ಒಕ್ಕೂಟದಲ್ಲಿಲ್ಲದ ನಾರ್ವೆ, ಐಸ್‌ಲೆಂಡ್‌ಗಳಿಗೂ ಆ ವಲಯದ ಮೂಲಕ ರೋಮಿಂಗ್ ನಿಯಮ ಅನ್ವಯಿಸುತ್ತದೆ, ಸ್ವಿಸ್ಸರಿಗೆ ಇಲ್ಲ. ಕೆಲವು ಕಂಪನಿಗಳು ತಾವಾಗಿಯೇ ಸ್ವಿಟ್ಜರ್ಲೆಂಡನ್ನೂ ಪ್ಯಾಕಿಗೆ ಸೇರಿಸುತ್ತವೆ. ನನ್ನ ಪ್ಯಾಕಿನಲ್ಲಿ ಅದಿರಲಿಲ್ಲ. ವಿಚಿತ್ರವೆಂದರೆ ಜರ್ಮನಿ, ಫ್ರಾನ್ಸ್‌ಗಳಿಗೆ ಅಂಟಿಕೊಂಡಿರುವ ಬಾಸೆಲ್ ನಗರ ಅಂದು ಸೇರೋಣ ಎಂದೇ ಮತ ಹಾಕಿತ್ತು.

ಅಂಟಿಕೊಂಡಿರುವ ಆ ಗಡಿಯೇ ನನ್ನನ್ನು ಉಳಿಸಿತು. 2014ರಿಂದ ಬಾಸೆಲ್‌ನ 8ನೇ ನಂಬರಿನ ಟ್ರಾಮ್ ಗಡಿ ದಾಟಿ ಜರ್ಮನಿಯ ವೈಲ್ ಆಮ್ ರೈನ್ ಊರಿಗೆ ಹೋಗುತ್ತದೆ. ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿ ಟ್ರಾಮ್ ಹತ್ತಿದೆ. ದಾರಿಯಲ್ಲಿ ವರದಿಯ ಚಿತ್ರಗಳನ್ನು ಕುಗ್ಗಿಸಿ 14 ಎಂಬಿಯ ಕಡತವನ್ನು 2ಕ್ಕೆ ಇಳಿಸಿದೆ. ತಂತಿ ಕಳಿಸುವ ಮುನ್ನ ಪದ ಕಡಿಯುತ್ತಿದ್ದ ವ್ಯಾಪಾರಿಯ ನೆನಪಾಯಿತು. ಗಡಿ ದಾಟಿದ ಮೇಲೆ ಫೋನಿನಲ್ಲಿ ಒಂದೊಂದಾಗಿ ಕಡ್ಡಿಗಳು ಮೂಡಿದವು. ಮೊದಲ ನಿಲ್ದಾಣದಲ್ಲೇ ಇಳಿದು, ಬೆಂಚಿನ ಮೇಲೆ ಕೂತು, ಮರಗಟ್ಟಿದ ಬೆರಳುಗಳಿಂದ ಗುಂಡಿ ಒತ್ತಿದೆ. ಗಂಟೆ ಏಳು ಹತ್ತು. ಸ್ವೀಕೃತಿಯ ಸಂಖ್ಯೆ ಬರುವವರೆಗೆ ಉಸಿರು ಬಿಡಲಿಲ್ಲ.

ದೂರ ಅಳಿದುಹೋಯಿತು ಎಂದು ನಾವು ಸುಲಭವಾಗಿ ಹೇಳುತ್ತೇವೆ. ನನ್ನ ಪ್ರಬಂಧದ ಕರಡಿನಲ್ಲೂ ಅಂಥದ್ದೊಂದು ವಾಕ್ಯವಿತ್ತು. ಆ ಸಂಜೆ ಕೋಣೆಯಿಂದ ಬೆಂಚಿಗೆ ಇದ್ದದ್ದು ಕೆಲವೇ ಕಿಲೋಮೀಟರ್. ಅಡ್ಡ ನಿಂತದ್ದು 1992ರ ಒಂದು ಮತದಾನ ಮತ್ತು ಕಂಪನಿಗಳ ಲೆಕ್ಕಪುಸ್ತಕ. ಮೊಗ್ಲಿಂಗ್‌ನ ಪತ್ರಕ್ಕೆ ಅಡ್ಡವಾಗಿದ್ದದ್ದು ಸಮುದ್ರವೊಂದೇ ಆಗಿರಲಾರದು. ಅಂಚೆಯ ದರ ಯಾರು ಕಟ್ಟಿದರು, ಯಾವ ಹಡಗು ಯಾರ ಟಪಾಲು ಒಯ್ಯುತ್ತಿತ್ತು ಎಂಬುದನ್ನು ನಾನು ಕೇಳಿಯೇ ಇರಲಿಲ್ಲ.

ಸೋಮವಾರ ದಾಖಲೆಗಳ ಕಚೇರಿಗೆ ಹೋದಾಗ ಪತ್ರದ ಒಕ್ಕಣೆಗಿಂತ ಮೊದಲು ಅದರ ಹೊರಮೈಯ ಮೇಲಿನ ಮುದ್ರೆಗಳನ್ನು ನೋಡತೊಡಗಿದೆ.