ಬೇರುಬಾರಿ: ಒಪ್ಪಂದದ ಅಧಿಕಾರ, ಸಂವಿಧಾನದ ಎಲ್ಲೆ

ಕೂಚ್ ಬಿಹಾರದ ಅರಸನೂ ರಂಗಪುರದ ಫೌಜದಾರನೂ ಚದುರಂಗದಾಟದಲ್ಲಿ ಹಳ್ಳಿಗಳನ್ನು ಪಣವಾಗಿ ಒಡ್ಡಿದ್ದರಿಂದ ಗಡಿಯಾಚೆಯ ತುಂಡುನೆಲಗಳಾದ ‘ಛಿಟ್‌ಮಹಲ್’ಗಳು ಹುಟ್ಟಿದವೆಂಬ ಐತಿಹ್ಯವಿದೆ. ಚರಿತ್ರೆಯು ಅವನ್ನು ಮೊಗಲರೊಡನೆ ನಡೆದ ಕದನ, ಸಂಧಾನಗಳ ಫಲವೆನ್ನುತ್ತದೆ. ಆದರೆ ಆಳುವವರು ತಾವಾಗಿಯೇ ನೆಲವನ್ನು ಬಿಟ್ಟುಕೊಡಬಹುದೇ ಎಂಬ ಐತಿಹ್ಯದೊಳಗಿನ ಪ್ರಶ್ನೆ ಗಣರಾಜ್ಯದಲ್ಲಿಯೂ ಎದ್ದಿತು.

1958ರ ನೆಹರೂ–ನೂನ್ ಒಪ್ಪಂದವು ಛಿಟ್‌ಮಹಲ್‌ಗಳ ವಿನಿಮಯಕ್ಕೂ ಬೇರುಬಾರಿಯ ಅರ್ಧಭಾಗವನ್ನು ಪಾಕಿಸ್ತಾನಕ್ಕೆ ಕೊಡುವುದಕ್ಕೂ ಸಮ್ಮತಿಸಿತು. ರಾಷ್ಟ್ರಪತಿಗಳು ಅಭಿಪ್ರಾಯ ಕೋರಲಾಗಿ, ಇದು ಕಾರ್ಯಾಂಗದ ಆಜ್ಞೆಯಿಂದ ಆಗದು, 368ನೆಯ ವಿಧಿಯಂತೆ ಸಂವಿಧಾನ ತಿದ್ದುಪಡಿಯೇ ಬೇಕೆಂದು ಸರ್ವೋಚ್ಚ ನ್ಯಾಯಾಲಯವು 1960ರ ಮಾರ್ಚ್ 14ರಂದು ತಿಳಿಸಿತು. ಒಂಬತ್ತನೆಯ ತಿದ್ದುಪಡಿ ಬಂದರೂ ಬೇರುಬಾರಿ ಕೈಬದಲಾಗಲಿಲ್ಲ. 1974ರಲ್ಲಿ ಬಾಂಗ್ಲಾದೇಶದೊಡನೆ ಆದ ಒಪ್ಪಂದವು ಅದನ್ನು ಭಾರತದಲ್ಲಿಯೇ ಉಳಿಸಿತು.

162 ಛಿಟ್‌ಮಹಲ್‌ಗಳ ವಿನಿಮಯವು ನೂರನೆಯ ತಿದ್ದುಪಡಿಯ ಮೂಲಕ 2015ರಲ್ಲಿ ನೆರವೇರಿತು. ಯಾವ ದೇಶದ ಪ್ರಜೆಗಳಾಗಬೇಕೆಂದು ನಿವಾಸಿಗಳನ್ನು ಕೇಳಲಾಯಿತು. ಪಣಕ್ಕೊಡ್ಡಿದ ಹಳ್ಳಿಗಳಿಗೆ ಐತಿಹ್ಯದಲ್ಲಿಲ್ಲದ ಮಾತು ದೊರೆತದ್ದು ಹೀಗೆ, ಐವತ್ತೇಳು ವರ್ಷಗಳ ತರುವಾಯ.