ಶಾಸ್ತ್ರದಾನ ಮತ್ತು ಗ್ರಂಥವಿನಿಮಯ: ಧಾರವಾಡ ನಾಡಿನ ಭಂಡಾರಗಳ ಒಂದು ಪರಿಶೀಲನೆ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಒಂದು ವಿಶೇಷವುಂಟು. ಅನ್ನವನ್ನು ಕೊಟ್ಟವನ ಕಣಜದಲ್ಲಿ ಅಷ್ಟು ಧಾನ್ಯ ಕಡಿಮೆಯಾಗುತ್ತದೆ. ಔಷಧವನ್ನು ಕೊಟ್ಟವನ ಭರಣಿಯಲ್ಲಿ ಅಷ್ಟು ಔಷಧ ಕಡಿಮೆಯಾಗುತ್ತದೆ. ಶಾಸ್ತ್ರವನ್ನು ಪ್ರತಿಮಾಡಿಸಿ ಕೊಟ್ಟವನ ಭಂಡಾರದಲ್ಲಾದರೋ ಮೂಲವು ಇದ್ದಂತೆಯೇ ಇರುತ್ತದೆ. ಲೋಕದಲ್ಲಿ ಒಂದು ಪ್ರತಿ ಹೆಚ್ಚುತ್ತದೆ. ಇಂದಿನ ಗ್ರಂಥಾಲಯಶಾಸ್ತ್ರಜ್ಞರು ‘ಸಂಪನ್ಮೂಲ ಹಂಚಿಕೆ’ ಎಂಬ ಹೆಸರಿನಿಂದ ವಿವರಿಸುವ ವ್ಯವಹಾರದ ತಿರುಳು ಇದೇ ಆಗಿದೆ. ಒಂದು ಭಂಡಾರದಲ್ಲಿರುವುದು ಮತ್ತೊಂದು ಭಂಡಾರದ ಓದುಗನಿಗೆ ದೊರೆಯಬೇಕು. ದೊರೆತ ಮಾತ್ರಕ್ಕೆ ಮೊದಲಿನ ಭಂಡಾರವು ಬಡವಾಗಬಾರದು. ಈ ತತ್ತ್ವವು ಕನ್ನಡ ನಾಡಿನಲ್ಲಿ, ಅದರಲ್ಲಿಯೂ ಧಾರವಾಡ ಸೀಮೆಯಲ್ಲಿ, ಹೇಗೆ ಆಚರಣೆಗೆ ಬಂದಿತು, ಎಲ್ಲಿ ಕುಂಠಿತವಾಯಿತು, ಮತ್ತೆ ಯಾವ ರೂಪದಲ್ಲಿ ತಲೆಯೆತ್ತಿತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

1997ರಲ್ಲಿ ಗದಗ ಮತ್ತು ಹಾವೇರಿ ಜಿಲ್ಲೆಗಳು ಬೇರ್ಪಡುವ ಮೊದಲು ಧಾರವಾಡ ಜಿಲ್ಲೆಯು ವಿಸ್ತಾರವಾಗಿತ್ತು. ಆ ಅವಿಭಕ್ತ ಸೀಮೆಯು ಜೈನವಾಙ್ಮಯದ ದೃಷ್ಟಿಯಿಂದ ಸಾಮಾನ್ಯವಾದ ಪ್ರದೇಶವಲ್ಲ. ಆದಿಕವಿ ಪಂಪನ ಹೆಸರಿನೊಡನೆ ಸೇರಿರುವ ಅಣ್ಣಿಗೇರಿ ಇಲ್ಲಿಯದು. ಗುಣಭದ್ರಾಚಾರ್ಯರ ಉತ್ತರಪುರಾಣವು ಶಕ 820ರಲ್ಲಿ, ಎಂದರೆ ಕ್ರಿ.ಶ. 898ರಲ್ಲಿ, ಬಂಕಾಪುರದಲ್ಲಿ ಪೂಜೆಗೊಂಡಿತೆಂದು ಅದರ ಪ್ರಶಸ್ತಿಯಿಂದ ತಿಳಿದುಬರುತ್ತದೆ. ಗುಣಭದ್ರರು ಜಿನಸೇನರ ಶಿಷ್ಯರು. ಜಿನಸೇನರು ಧವಲಾಕಾರ ವೀರಸೇನರ ಶಿಷ್ಯರು. ಮಲ್ಲಿಷೇಣನು ತನ್ನ ಸಂಸ್ಕೃತ ಮಹಾಪುರಾಣವನ್ನು ಮುಳುಗುಂದದಲ್ಲಿ ಶಕ 969ರಲ್ಲಿ (ಕ್ರಿ.ಶ. 1047) ಮುಗಿಸಿದನು. ಒಂದು ಊರಿನ ಬಸದಿಯಲ್ಲಿ ಕುಳಿತು ಮಹಾಪುರಾಣವನ್ನು ರಚಿಸಬೇಕಾದರೆ ಪೂರ್ವಾಚಾರ್ಯರ ಕೃತಿಗಳು ಕೈಗೆ ಎಟಕುವಂತಿರಬೇಕು. ಹೀಗೆ ಗ್ರಂಥಗಳು ಬಸದಿಯಿಂದ ಬಸದಿಗೆ, ಸಂಘದಿಂದ ಸಂಘಕ್ಕೆ ಸಂಚರಿಸುತ್ತಿದ್ದುವೆಂದು ಊಹಿಸುವುದು ಅಸಂಗತವಾಗಲಾರದು.

ಈ ಸಂಚಾರಕ್ಕೆ ಉದಾರವಾದ ನೆರವನ್ನಿತ್ತವಳು ದಾನಚಿಂತಾಮಣಿ ಅತ್ತಿಮಬ್ಬೆ. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಜಿನಾಲಯಕ್ಕೆ ಸಂಬಂಧಿಸಿದ 1007ರ ಶಾಸನವು ಸುವಿದಿತವಾಗಿದೆ. ಅವಳ ತಂದೆ ಮಲ್ಲಪಯ್ಯ ಮತ್ತು ಆತನ ತಮ್ಮ ಪುನ್ನಮಯ್ಯ ಇವರ ಪ್ರೇರಣೆಯಿಂದ ಪೊನ್ನನು ಶಾಂತಿಪುರಾಣವನ್ನು ರಚಿಸಿದನು. ಆ ಕಾವ್ಯದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಯಿಸಿ ಹಂಚಿದಳೆಂಬ ಪ್ರಸಿದ್ಧಿಯಿದೆ. ರನ್ನನ ಅಜಿತಪುರಾಣವು 993ರಲ್ಲಿ ಅವಳ ಆಶ್ರಯದಲ್ಲಿಯೇ ಹುಟ್ಟಿತು.

ಈ ಸಂಗತಿಯನ್ನು ಭಕ್ತಿಯ ನಿದರ್ಶನವೆಂದು ಮಾತ್ರ ಸ್ಮರಿಸುವುದು ರೂಢಿ. ಗ್ರಂಥಸಂರಕ್ಷಣೆಯ ದೃಷ್ಟಿಯಿಂದಲೂ ಇದನ್ನು ನೋಡತಕ್ಕದ್ದು. ಪೊನ್ನನು ಭುವನೈಕರಾಮಾಭ್ಯುದಯವೆಂಬ ಮತ್ತೊಂದು ಕಾವ್ಯವನ್ನೂ ಬರೆದಿದ್ದನು. ಅದು ಇಂದು ಉಪಲಬ್ಧವಿಲ್ಲ. ರನ್ನನ ಅಜಿತಪುರಾಣ, ಗದಾಯುದ್ಧಗಳು ಉಳಿದುಬಂದಿವೆ. ಪರಶುರಾಮಚರಿತ, ಚಕ್ರೇಶ್ವರಚರಿತಗಳು ಹೆಸರಿನಿಂದ ಮಾತ್ರ ತಿಳಿದಿವೆ. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳ ಗತಿಯೂ ಇದೇ. ಒಬ್ಬನೇ ಕವಿಯ ಒಂದು ಕೃತಿ ಉಳಿದು ಮತ್ತೊಂದು ಅಳಿಯುವುದಕ್ಕೆ ಕಾರಣಗಳು ಹಲವಿರಬಹುದು. ರಾಜಸ್ತುತಿಪರವಾದ ಕಾವ್ಯಕ್ಕೆ ಆ ರಾಜವಂಶ ಅಳಿದ ಮೇಲೆ ಪ್ರತಿಮಾಡಿಸುವವರು ಇಲ್ಲವಾದರು. ತೀರ್ಥಂಕರಚರಿತೆಗೆ ಶ್ರಾವಕರ ಮನೆಮನೆಯಲ್ಲಿ ಸ್ಥಾನವಿತ್ತು. ಕಾರಣವೇನೇ ಇರಲಿ, ಫಲಿತಾರ್ಥವು ಒಂದೇ. ಓಲೆಯ ಆಯುಷ್ಯವು ಕೆಲವು ಶತಮಾನಗಳದ್ದು. ಹುಳು, ತೇವ, ಬೆಂಕಿಗಳು ಯಾವ ಭಂಡಾರವನ್ನೂ ಬಿಟ್ಟವಲ್ಲ. ಹಲವು ಕಡೆಗೆ ಹಂಚಿಹೋದ ಗ್ರಂಥವು ಈ ಆಪತ್ತುಗಳನ್ನು ದಾಟಿತು, ಒಂದೇ ಕಡೆ ಉಳಿದುದು ದಾಟಲಾರದಾಯಿತು.

ಶಾಸ್ತ್ರದಾನದ ಪದ್ಧತಿಯು ವ್ರತಗಳೊಡನೆಯೂ ಬೆಸೆದುಕೊಂಡಿತ್ತು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿರುವ ಧವಲಾ ತಾಡೋಲೆಯ ಪ್ರಶಸ್ತಿಯು, ದೇಮಿಯಕ್ಕನೆಂಬ ಶ್ರಾವಕಿ ಶ್ರುತಪಂಚಮಿಯ ಉದ್ಯಾಪನೆಗಾಗಿ ಆ ಗ್ರಂಥವನ್ನು ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದುದನ್ನು ತಿಳಿಸುತ್ತದೆ. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯು ಶ್ರೀಪಂಚಮಿಯ ನೋಂಪಿಯ ಉದ್ಯಾಪನೆಯಲ್ಲಿ ಮಾಘನಂದಿಗಳಿಗೆ ಅರ್ಪಿಸಿದಳು. ಇಂದು ನಮಗೆ ಷಟ್ಖಂಡಾಗಮವು ದೊರೆತಿರುವುದು ಇಂಥ ಗೃಹಿಣಿಯರ ದಾನದಿಂದ ಎಂಬುದನ್ನು ಮರೆಯಲಾಗದು. ನಕಲು ಮಾಡಿಸುವುದೇ ಪುಣ್ಯಕಾರ್ಯವಾಗಿದ್ದ ಕಾಲದಲ್ಲಿ ಭಂಡಾರಗಳ ನಡುವಿನ ವಿನಿಮಯಕ್ಕೆ ಪ್ರತ್ಯೇಕವಾದ ಕಾಯಿದೆಯ ಅಗತ್ಯವಿರಲಿಲ್ಲ.

ಆದರೆ ಮುಂದಿನ ಶತಮಾನಗಳಲ್ಲಿ ಈ ಪ್ರವಾಹವು ತಡೆಯಿತು. ಆಶ್ರಯದಾತರು ಕಡಿಮೆಯಾದರು, ಹಳೆಯ ಲಿಪಿಯನ್ನು ಓದಬಲ್ಲವರು ವಿರಳರಾದರು, ಗ್ರಂಥವು ಅಧ್ಯಯನದ ವಸ್ತುವಾಗಿರುವುದಕ್ಕಿಂತ ದರ್ಶನದ ವಸ್ತುವಾಯಿತು. ಸಿದ್ಧಾಂತಗ್ರಂಥಗಳ ಇತಿಹಾಸವು ಇದಕ್ಕೆ ಪ್ರಬಲವಾದ ಸಾಕ್ಷಿ. ಸೋಲಾಪುರದ ಹೀರಾಚಂದ ನೇಮಚಂದ, ಮುಂಬಯಿಯ ಮಾಣಿಕಚಂದ ಮೊದಲಾದ ಶ್ರೀಮಂತ ಶ್ರಾವಕರ ಪ್ರಯತ್ನದಿಂದ 1896ರ ಸುಮಾರಿಗೆ ಪ್ರತಿಮಾಡುವ ಕಾರ್ಯವು ಆರಂಭವಾಗಿ, ಮೂರು ಗ್ರಂಥಗಳೂ ಮುಗಿಯಲು 1922ರವರೆಗೆ ಹಿಡಿಯಿತು. ಆ ಪ್ರತಿಗಳು ಸಹ ಬಸದಿಯನ್ನು ಬಿಟ್ಟು ಹೊರಹೋಗಕೂಡದೆಂಬ ನಿಲುವು ಬಲವಾಗಿದ್ದಿತು. ಲಿಪಿಕಾರರಾಗಿದ್ದ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಬೇರೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅದು ಸಹಾರನಪುರವನ್ನು ಸೇರಿತು. ಅಲ್ಲಿ ನಾಗರಿಗೆ ಲಿಪ್ಯಂತರವಾಗುವಾಗ ಸೀತಾರಾಮ ಶಾಸ್ತ್ರಿಗಳು ಮತ್ತೊಂದು ಪ್ರತಿಯನ್ನು ಮಾಡಿಕೊಂಡರು. ಅದರಿಂದ ಹಲವು ಊರುಗಳಿಗೆ ಪ್ರತಿಗಳು ಹರಡಿದವು. ಇವುಗಳ ಆಧಾರದಿಂದಲೇ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಪ್ರಥಮ ಸಂಪುಟವು 1939ರಲ್ಲಿ ಅಮರಾವತಿಯಿಂದ ಪ್ರಕಟವಾಯಿತು. ಹದಿನಾರನೆಯದು 1958ರಲ್ಲಿ ಹೊರಬಂದಿತು.

ಗುಟ್ಟಾಗಿ ಹೊರಬಂದ ವಿದ್ಯೆಗೆ ತೆರಬೇಕಾದ ಬೆಲೆಯೂ ಉಂಟು. ನಕಲಿನ ನಕಲಿನಿಂದ ಪಾಠವನ್ನು ನಿರ್ಣಯಿಸಬೇಕಾಯಿತು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಪದವು ಇರಬೇಕೆಂದು ಸಂಪಾದಕರು ಅರ್ಥಸಂಗತಿಯಿಂದ ಸೂಚಿಸಿದರು. ಅವರ ಮುಂದಿದ್ದ ಪ್ರತಿಗಳಲ್ಲಿ ಆ ಪದವಿರಲಿಲ್ಲ. ಇದರಿಂದ ಎದ್ದ ವಾದವಿವಾದವನ್ನು ವಿದ್ವಾಂಸರೆಲ್ಲರೂ ಬಲ್ಲರು. ಆ ಚರ್ಚೆಯ ಸಿದ್ಧಾಂತಪಕ್ಷವು ಇಲ್ಲಿ ಪ್ರಸ್ತುತವಲ್ಲ, ಪಾಠಪಕ್ಷವು ಪ್ರಸ್ತುತ. ಮೂಡಬಿದಿರೆಯ ಮೂಲ ಓಲೆಗಳೊಡನೆ ತಾಳೆ ನೋಡುವ ಅವಕಾಶ ದೊರೆತಾಗ ಅಲ್ಲಿ ಆ ಪದವು ಇದ್ದುದು ಕಂಡುಬಂದಿತು. ಓಲೆಯನ್ನು ಮೊದಲೇ ನೋಡಲು ಸಾಧ್ಯವಾಗಿದ್ದಲ್ಲಿ, ಒಂದು ಪದದ ಇರವನ್ನು ತರ್ಕದಿಂದ ಸಾಧಿಸಬೇಕಾದ ಪ್ರಮೇಯವೇ ಬರುತ್ತಿರಲಿಲ್ಲ. ಭಂಡಾರದ ಬಾಗಿಲು ಮುಚ್ಚಿದಾಗ ಹಾನಿಯು ಓದುಗನಿಗೆ ಮಾತ್ರವಲ್ಲ, ಶಾಸ್ತ್ರದ ಪಾಠಕ್ಕೂ ತಟ್ಟುತ್ತದೆ.

ಆದರೂ ಭಂಡಾರಗಳ ಪಾಲಕರನ್ನು ಏಕಪಕ್ಷೀಯವಾಗಿ ದೂಷಿಸುವುದು ನ್ಯಾಯವಲ್ಲ. ಎರವಲು ಕೊಟ್ಟ ಕಟ್ಟುಗಳು ಮರಳಿ ಬಾರದಿದ್ದುದು, ಬಂದರೂ ಗರಿಗಳು ಕಡಿಮೆಯಾಗಿದ್ದುದು, ಶಾಸ್ತ್ರಕ್ಕೆ ಅವಿನಯವಾದುದು ಇವು ಕಲ್ಪಿತವಾದ ಭಯಗಳಲ್ಲ. ಕೊಡುವ ಮನಸ್ಸು ಇಲ್ಲದುದಕ್ಕಿಂತ ಕೊಡುವ ಕ್ರಮವು ಇಲ್ಲದುದೇ ಅನೇಕ ಕಡೆ ತೊಡಕಾಗಿದ್ದಿತು. ಈ ಕ್ರಮವನ್ನು ರೂಪಿಸಿದುದು ಆಧುನಿಕ ಗ್ರಂಥಾಲಯದ ಕೊಡುಗೆ. ಆ ಕಥೆಯಲ್ಲಿ ಧಾರವಾಡಕ್ಕೆ ಮತ್ತೆ ಸ್ಥಾನವಿದೆ.

ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದ ಕಾಲದಲ್ಲಿ, 1890ರ ಜುಲೈ 20ರಂದು, ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಧಾರವಾಡದಲ್ಲಿ ಸ್ಥಾಪಿತವಾಯಿತು. ಗ್ರಂಥಗಳನ್ನು ಬರೆಯಿಸುವುದು, ಅಚ್ಚು ಹಾಕಿಸುವುದು, ಜನರಿಗೆ ಮುಟ್ಟಿಸುವುದು ಅದರ ಕಾರ್ಯಗಳಾದವು. 1896ರಿಂದ ‘ವಾಗ್ಭೂಷಣ’ ಪತ್ರಿಕೆಯು ಹೊರಡತೊಡಗಿತು. ಹಿಂದೆ ಲಿಪಿಕಾರನು ಒಂದೊಂದಾಗಿ ಮಾಡುತ್ತಿದ್ದ ಪ್ರತಿಗಳನ್ನು ಮುದ್ರಣಯಂತ್ರವು ನೂರುಗಟ್ಟಲೆ ಮಾಡಿತು. 1914ರಲ್ಲಿ ಆಲೂರು ವೆಂಕಟರಾಯರ ಪ್ರಯತ್ನದಿಂದ ಕರ್ನಾಟಕ ಇತಿಹಾಸ ಸಂಶೋಧನ ಮಂಡಲವು ಹುಟ್ಟಿತು. 1939ರಲ್ಲಿ ಮುಂಬಯಿ ಸರಕಾರವು ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆಯಿತು. ಶ್ರೀ ಆರ್. ಎಸ್. ಪಂಚಮುಖಿಯವರ ನೇತೃತ್ವದಲ್ಲಿ ಅದು ಶಾಸನ, ಹಸ್ತಪ್ರತಿ, ಪುರಾತನ ವಸ್ತುಗಳ ಸಂಗ್ರಹಕ್ಕೆ ತೊಡಗಿತು. ತರುವಾಯ ಕರ್ನಾಟಕ ವಿಶ್ವವಿದ್ಯಾಲಯದ ಆಡಳಿತಕ್ಕೆ ಬಂದಿತು.

ಅದೇ 1939ರಲ್ಲಿ ಮುಂಬಯಿ ಸರಕಾರವು ಶ್ರೀ ಎ. ಎ. ಎ. ಫೈಜಿಯವರ ಅಧ್ಯಕ್ಷತೆಯಲ್ಲಿ ಗ್ರಂಥಾಲಯ ಸಮಿತಿಯೊಂದನ್ನು ನೇಮಿಸಿತು. 1940ರ ಅದರ ವರದಿಯು ಮುಂಬಯಿಯಲ್ಲಿ ಕೇಂದ್ರ ಗ್ರಂಥಾಲಯ, ಅಹಮದಾಬಾದ್, ಪುಣೆ, ಧಾರವಾಡಗಳಲ್ಲಿ ಪ್ರಾದೇಶಿಕ ಗ್ರಂಥಾಲಯಗಳು, ಅವುಗಳ ಕೆಳಗೆ ಜಿಲ್ಲೆ, ತಾಲ್ಲೂಕು, ಹಳ್ಳಿಗಳ ಗ್ರಂಥಾಲಯಗಳು ಇರತಕ್ಕದ್ದೆಂದು ಸೂಚಿಸಿತು. ಈ ಶ್ರೇಣಿಯ ಹಿಂದಿನ ಆಲೋಚನೆಯು ಗಮನಾರ್ಹ. ಸಣ್ಣ ಊರಿನ ಗ್ರಂಥಾಲಯವು ಎಲ್ಲ ಗ್ರಂಥಗಳನ್ನೂ ಕೊಳ್ಳಲಾರದು, ಕೊಳ್ಳಬೇಕಾದುದೂ ಇಲ್ಲ. ತನ್ನಲ್ಲಿಲ್ಲದುದನ್ನು ಮೇಲಿನ ಗ್ರಂಥಾಲಯದಿಂದ ತರಿಸಿಕೊಡುವ ಶಕ್ತಿಯು ಅದಕ್ಕಿದ್ದರೆ ಸಾಕು. ಇದಕ್ಕೆ ಮುಂಚೆಯೇ, 1910ರ ದಶಕದಲ್ಲಿ, ಬಡೋದೆಯ ಸಯಾಜಿರಾವ್ ಮಹಾರಾಜರ ಸಂಸ್ಥಾನವು ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ತುಂಬಿ ಹಳ್ಳಿಗಳಿಗೆ ಕಳುಹಿಸುವ ಸಂಚಾರಿ ಗ್ರಂಥಾಲಯಗಳನ್ನು ನಡೆಸಿ ತೋರಿಸಿತ್ತು.

ರಾಜ್ಯಗಳ ಪುನರ್ವಿಂಗಡಣೆಯ ತರುವಾಯ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯು ಬಂದಿತು. ಅದರ ರೂಪಣೆಯಲ್ಲಿ ಡಾ. ಎಸ್. ಆರ್. ರಂಗನಾಥನ್ ಅವರ ವಿಚಾರಗಳ ಪ್ರಭಾವವಿದೆ. ಮನೆ ಮತ್ತು ಜಾಗಗಳ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ವಿಧಿಸಿ, ದಾನಿಯ ಔದಾರ್ಯವನ್ನೇ ನಂಬಿದ್ದ ಗ್ರಂಥಾಲಯಕ್ಕೆ ನಿಶ್ಚಿತವಾದ ವರಮಾನವನ್ನು ಕಾಯಿದೆಯು ಒದಗಿಸಿತು. ಹುಬ್ಬಳ್ಳಿ ಮತ್ತು ಧಾರವಾಡಗಳು 1962ರಲ್ಲಿಯೇ ಒಂದು ಮಹಾನಗರಪಾಲಿಕೆಯಾಗಿದ್ದವು. ವ್ಯಾಪಾರದ ಊರು, ವಿದ್ಯೆಯ ಊರು ಎಂದು ಹೆಸರಾದ ಈ ಅವಳಿ ನಗರಗಳಲ್ಲಿ ಒಂದರ ಪುಸ್ತಕವು ಮತ್ತೊಂದರ ಓದುಗನಿಗೆ ಸಲ್ಲುವುದು ಸಹಜವಾದ ನಿರೀಕ್ಷೆ.

ಇಲ್ಲಿ ಒಂದು ಕೊರತೆಯನ್ನು ಗುರುತಿಸಬೇಕಾಗುತ್ತದೆ. ಸಾರ್ವಜನಿಕ ಗ್ರಂಥಾಲಯಕ್ಕೆ ಎರವಲಿನ ಕ್ರಮವು ಗೊತ್ತು, ಆದರೆ ಅದರಲ್ಲಿ ಹಸ್ತಪ್ರತಿಗಳಿಲ್ಲ. ಬಸದಿ, ಮಠ, ಮನೆತನಗಳ ಭಂಡಾರಗಳಲ್ಲಿ ಹಸ್ತಪ್ರತಿಗಳುಂಟು, ಆದರೆ ಅಲ್ಲಿ ಎರವಲಿನ ಕ್ರಮವಿಲ್ಲ. ಈ ಎರಡರ ನಡುವಣ ಸೇತುವೆಯೆಂದರೆ ಹಲವು ಭಂಡಾರಗಳ ಸಂಯುಕ್ತ ಸೂಚಿ. ಪ್ರೊ. ಹ. ದಾ. ವೇಲಣಕರರ ‘ಜಿನರತ್ನಕೋಶ’ವು 1944ರಲ್ಲಿ ಪುಣೆಯಿಂದ ಪ್ರಕಟವಾಗಿ ಭಾರತದ ಅನೇಕ ಭಂಡಾರಗಳ ಜೈನಗ್ರಂಥಗಳನ್ನು ಒಂದೆಡೆ ತಿಳಿಸಿತು. ಪಂ. ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಹೊರಬಂದು ಮೂಡಬಿದಿರೆ, ಕಾರ್ಕಳಗಳ ಓಲೆಗಳ ವಿವರವನ್ನು ವಿದ್ವಲ್ಲೋಕದ ಮುಂದಿಟ್ಟಿತು. ಒಂದು ಗ್ರಂಥವು ಎಲ್ಲಿದೆಯೆಂದು ತಿಳಿಯದವನು ಅದನ್ನು ಕೇಳಲಾರನು. ತನ್ನಲ್ಲಿ ಏನಿದೆಯೆಂದು ತಿಳಿಯದ ಭಂಡಾರವು ಕೊಡಲಾರದು. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವೂ, 2025ರಲ್ಲಿ ಕೇಂದ್ರ ಸರಕಾರವು ಘೋಷಿಸಿದ ಜ್ಞಾನ ಭಾರತಂ ಯೋಜನೆಯೂ ಈ ದಿಕ್ಕಿನ ಪ್ರಯತ್ನಗಳೇ. ಆದರೆ ಇಂಥ ದೊಡ್ಡ ಯೋಜನೆಯು ಹಳ್ಳಿಯ ಬಸದಿಯ ಪೆಟ್ಟಿಗೆಯವರೆಗೆ ಮುಟ್ಟಬೇಕಾದರೆ, ಆ ಪೆಟ್ಟಿಗೆಯ ಒಡೆಯರು ತಮ್ಮ ಪಾಲಿನ ಕೆಲಸವನ್ನು ಮೊದಲೇ ಮಾಡಿರಬೇಕು.

ಆ ಕೆಲಸವು ದುಬಾರಿಯಲ್ಲ. ಪ್ರತಿಯೊಂದು ಕಟ್ಟಿಗೂ ಒಂದು ಸಂಖ್ಯೆ. ಗ್ರಂಥ, ಕರ್ತೃ, ಭಾಷೆ, ಲಿಪಿ, ಗರಿಗಳ ಎಣಿಕೆ, ಉದ್ದಗಲ, ಆದಿ, ಅಂತ್ಯ, ಪ್ರತಿಯ ಕಾಲ ಇವುಗಳ ಉಲ್ಲೇಖ. ಒಂದೇ ಕಟ್ಟಿನಲ್ಲಿ ಎರಡು ಮೂರು ಕೃತಿಗಳು ಸೇರಿದ್ದರೆ ಅವುಗಳಿಗೆ ಪ್ರತ್ಯೇಕ ನಮೂದು. ಹೀಗೆ ಸಿದ್ಧವಾದ ಪಟ್ಟಿಯ ಒಂದು ಪ್ರತಿಯು ಭಂಡಾರದಲ್ಲಿಯೂ ಮತ್ತೊಂದು ಧಾರವಾಡದಂಥ ವಿದ್ಯಾಕೇಂದ್ರದ ಸಂಸ್ಥೆಯಲ್ಲಿಯೂ ಇರುವುದು ಯುಕ್ತ. ಎರಡನೆಯದು ಪ್ರತಿಯ ವಿಷಯ. ಮೂಲ ಓಲೆಯು ಸ್ಥಳ ಬಿಟ್ಟು ಕದಲಕೂಡದು. ಅದರ ಛಾಯಾಪ್ರತಿಯು ಕನಿಷ್ಠ ಎರಡು ಬೇರೆ ಊರುಗಳಲ್ಲಿರಬೇಕು. ಗರಿಗಳನ್ನು ಎಣಿಸಿ ಬಿಚ್ಚುವುದು, ಎಣಿಸಿ ಕಟ್ಟುವುದು, ಎರಡು ಎಣಿಕೆಗಳನ್ನೂ ಪುಸ್ತಕದಲ್ಲಿ ಬರೆದು ನೋಡಿದವರ ರುಜು ಪಡೆಯುವುದು ಕಡ್ಡಾಯವಾಗಿರತಕ್ಕದ್ದು. ಮೂರನೆಯದು ಪಡೆದವರ ಋಣ. ಭಂಡಾರದ ಪ್ರತಿಯಿಂದ ಸಂಪಾದನೆ ಮಾಡಿದ ವಿದ್ವಾಂಸನು ಆ ಭಂಡಾರದ ಹೆಸರನ್ನು ಪೀಠಿಕೆಯಲ್ಲಿ ಹೇಳಿ, ಅಚ್ಚಾದ ಗ್ರಂಥದ ಒಂದು ಪ್ರತಿಯನ್ನು ಅಲ್ಲಿಗೇ ಒಪ್ಪಿಸಬೇಕು. ಕೊಟ್ಟುದಕ್ಕೆ ಪ್ರತಿಯಾಗಿ ಏನೂ ಬಾರದಿದ್ದರೆ ಎರಡನೆಯ ಬಾರಿ ಬಾಗಿಲು ತೆರೆಯುವವರು ಕಡಿಮೆ.

ಇವೆಲ್ಲಕ್ಕೂ ಪರಂಪರೆಯಲ್ಲಿಯೇ ಒಂದು ದಿನವು ಗೊತ್ತಾಗಿದೆ. ಜ್ಯೇಷ್ಠ ಶುಕ್ಲ ಪಂಚಮಿಯಂದು ಶ್ರುತಪೂಜೆ ಮಾಡಿ, ಗ್ರಂಥಗಳ ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಸುತ್ತಿಡುವ ಸಂಪ್ರದಾಯವು ಇಂದಿಗೂ ಇದೆ. ಅದೇ ದಿನ ಗರಿಗಳನ್ನು ಎಣಿಸಿ ಪಟ್ಟಿಯೊಡನೆ ತಾಳೆ ನೋಡಿ, ಆ ಪಟ್ಟಿಯನ್ನು ಶ್ರಾವಕರೆದುರು ಓದಿ, ವರ್ಷಕ್ಕೆ ಒಂದು ಗ್ರಂಥವನ್ನಾದರೂ ಪ್ರತಿಮಾಡಿಸಿ ಬೇರೊಂದು ಭಂಡಾರಕ್ಕೆ ಕೊಡುವ ಸಂಕಲ್ಪವನ್ನು ಸೇರಿಸಿಕೊಂಡರೆ, ದೇಮಿಯಕ್ಕ, ಮಲ್ಲಿಕಬ್ಬೆಯರು ನಡೆಸಿದ ಉದ್ಯಾಪನೆಯೇ ಮುಂದುವರಿದಂತಾಗುತ್ತದೆ. ಅವಿಭಕ್ತ ಧಾರವಾಡ ಸೀಮೆಯ ಬಸದಿಗಳೂ ಊರ ಗ್ರಂಥಾಲಯಗಳೂ ಈ ಒಂದು ಆಚರಣೆಯಲ್ಲಿ ಕೈಗೂಡಿಸಿದಲ್ಲಿ, ಹೆಸರು ಮಾತ್ರ ಉಳಿದಿರುವ ಕೃತಿಗಳ ಪಟ್ಟಿಗೆ ಹೊಸದೊಂದು ಹೆಸರು ಸೇರದಂತೆ ತಡೆಯುವುದು ಅಸಾಧ್ಯವೇನಲ್ಲ.